ನಾನು ಕತ್ತರಿಸಿದ ನಾಲ್ಕನೆಯ ಪುಟ

ಮುಖ್ಯ ವಿಷಯವನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಬೇಕು ಎಂಬುದು ನಾನು ಮೂವತ್ತೊಂದು ವರ್ಷ ದುಡಿದ ಕಸುಬಿನ ನಿಯಮ. ಆದ್ದರಿಂದ ಹೇಳಿಬಿಡುತ್ತೇನೆ: ಮೈಗೆ ಬಲ ಬರಲೆಂದು ಯಾರೋ ತಿಳಿದವರು ತಯಾರಿಸಿದ್ದ ಹನ್ನೆರಡು ವಾರಗಳ ವ್ಯಾಯಾಮದ ಕ್ರಮವೊಂದನ್ನು ನಾನು ಹೆಂಗಸರಿಗೆ ತಕ್ಕಂತೆ ತಿದ್ದಿದೆ. ತಿದ್ದಿದ ಮೇಲೆ ಅದು ಯಾರಿಗೂ ತಕ್ಕದ್ದಾಗಿ ಉಳಿಯಲಿಲ್ಲ. ಅದರಿಂದ ನನ್ನ ಹೆಂಡತಿಯ ನೌಕರಿ ಹೋಗುವುದರಲ್ಲಿತ್ತು. ಉಳಿದದ್ದೆಲ್ಲ ವಿವರ.

ನಾವಿರುವುದು ಡೊಂಬಿವಲಿ ಪೂರ್ವದಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ. ನಾನು ಮುಂಬಯಿಯ ಕನ್ನಡ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವ ಡೆಸ್ಕಿನಲ್ಲಿದ್ದು ನಿವೃತ್ತನಾದವನು. ಹೆಂಡತಿ ಬೇಲಾಪುರದ ಒಂದು ಸರಕಾರಿ ಕಚೇರಿಯ ರೆಕಾರ್ಡ್ ವಿಭಾಗದಲ್ಲಿ ಹೆಡ್ ಕ್ಲರ್ಕ್. ಅವಳ ಸೇವೆ ಇನ್ನೂ ಮೂರು ವರ್ಷ ಬಾಕಿ ಇತ್ತು. ದಿನವೂ ಡೊಂಬಿವಲಿಯಿಂದ ಠಾಣೆ ಸ್ಟೇಷನ್ನಿಗೆ ಒಂದು ಲೋಕಲ್ ರೈಲುಗಾಡಿ, ಠಾಣೆಯಲ್ಲಿ ಸೇತುವೆ ಹತ್ತಿ ಇಳಿದು ಪನವೇಲ್ ಕಡೆಯ ಇನ್ನೊಂದು ಗಾಡಿ. ವರ್ಷಗಟ್ಟಲೆ ಹೀಗೆ ಹೋಗಿಬಂದವಳು ಜುಲೈ ತಿಂಗಳ ಒಂದು ಬೆಳಿಗ್ಗೆ ಠಾಣೆ ಸೇತುವೆಯ ಕೊನೆಯ ಮೂರು ಮೆಟ್ಟಿಲುಗಳನ್ನು ಒಟ್ಟಿಗೇ ಇಳಿದಳು. ಎಡಗೈಯ ಮಣಿಕಟ್ಟು ಮುರಿಯಿತು.

ಪ್ಲಾಸ್ಟರು ಆರು ವಾರ ಇತ್ತು. ಅದನ್ನು ಬಿಚ್ಚಿದ ಮೇಲೆ ಕಲ್ಯಾಣದ ಎಲುಬಿನ ಡಾಕ್ಟರರು ಇನ್ನೇನೋ ಪರೀಕ್ಷೆ ಬರೆದುಕೊಟ್ಟು, ಅದರ ವರದಿ ನೋಡಿ, ಎಲುಬುಗಳು ತೆಳ್ಳಗಾಗಿವೆ ಎಂದರು. ಗುಳಿಗೆ ಬರೆದರು. ಆಮೇಲೆ ಮರಾಠಿಯಲ್ಲಿ, ಗುಳಿಗೆಯಷ್ಟೇ ಸಾಲದು, ಇನ್ನು ಕೆಲವು ವಾರ ಬಿಟ್ಟು ಭಾರ ಎತ್ತಲೇಬೇಕು ಎಂದರು.

“ಹಗುರವಾದದ್ದು ತಾನೆ?” ಎಂದು ನಾನು ಕೇಳಿದೆ.

“ಹಗುರವಾದದ್ದು, ಆರಂಭಕ್ಕೆ,” ಎಂದರು ಡಾಕ್ಟರರು.

ಜೇಬಿನಲ್ಲಿ ಸದಾ ಇರುವ ನನ್ನ ನೋಟ್‌ಬುಕ್ಕಿನಲ್ಲಿ ಅಂದು ನಾನು ಬರೆದುಕೊಂಡದ್ದು ಹೀಗಿದೆ: ‘ಡಾಕ್ಟರರ ಪ್ರಕಾರ ಹಗುರ ಭಾರ.’ ‘ಆರಂಭಕ್ಕೆ’ ಎಂಬುದನ್ನು ಬಿಟ್ಟಿದ್ದೆ. ಮಾತಿನ ತುದಿಯಲ್ಲಿದ್ದ ಪದ. ಕೈ ತಾನೇ ಬಿಟ್ಟಿತು. ಒಬ್ಬ ವರದಿಗಾರ ಮಂತ್ರಿಯ ಹೇಳಿಕೆಯಿಂದ ಹೀಗೆ ಒಂದು ಪದ ಬಿಟ್ಟಿದ್ದರೆ ಅವನನ್ನು ಕರೆಸಿ ಹತ್ತು ನಿಮಿಷ ನಿಲ್ಲಿಸಿ ಮಾತಾಡುತ್ತಿದ್ದೆ.

ಇಲ್ಲಿ ನನ್ನ ಹಿತಾಸಕ್ತಿಯನ್ನೂ ದಾಖಲಿಸಬೇಕು. ನಿವೃತ್ತನಾದ ಒಂದು ವರ್ಷ ನಾನು ಮಧ್ಯಾಹ್ನದ ಊಟಕ್ಕೆ ಬೆಳಗಿನ ತಣ್ಣನೆಯ ರೊಟ್ಟಿ ತಿಂದಿದ್ದೆ. ಹೆಂಡತಿ ರಜೆಯ ಮೇಲೆ ಮನೆಯಲ್ಲಿದ್ದಾಗ, ಬೆರಳುಗಳಿಗೆ ಒಳ್ಳೆಯದೆಂದು ಫಿಜಿಯೋಥೆರಪಿಯವರು ಹಿಟ್ಟು ನಾದಲು ಹೇಳಿದರು. ಜೋಳದ ಹಿಟ್ಟು ನಾದಿದ ಮೇಲೆ ಅದನ್ನು ಬಡಿಯದೆ ಬಿಡಲಾಗುತ್ತದೆಯೆ? ಸೆಪ್ಟೆಂಬರಿನಲ್ಲಿ ದಿನವೂ ಮಧ್ಯಾಹ್ನ ಒಂದು ಗಂಟೆಗೆ ನನ್ನ ತಟ್ಟೆಗೆ ಉಬ್ಬಿದ ಬಿಸಿ ರೊಟ್ಟಿ ಬೀಳತೊಡಗಿತು. ವೈದ್ಯಕೀಯ ಬೆಂಬಲವಿರುವ ರೊಟ್ಟಿ. ಮೂರನೆಯ ವಾರ ನಾನು, ಸ್ವಯಂನಿವೃತ್ತಿ ತೆಗೆದುಕೊಂಡರೆ ಹೇಗೆ, ಈ ವಯಸ್ಸಿನಲ್ಲಿ ಈ ಗಾಡಿ ಹತ್ತಿ ಇಳಿಯುವುದು ಏಕೆ ಎಂದು ಮಾತು ತೆಗೆದೆ.

“ನಿಮಗ ಬಿಸಿ ರೊಟ್ಟಿ ಬೇಕಾಗ್ಯಾವು,” ಎಂದಳು ಅವಳು, ಹಂಚಿನಿಂದ ಕಣ್ಣು ತೆಗೆಯದೆ. “ಅದಕ್ಕ ನನ್ನ ನೌಕರಿ ಬ್ಯಾಡಾಗೇತಿ.”

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಕಚೇರಿಯಿಂದ. ಅಲ್ಲಿ ಅವಳ ಜಾಗದಲ್ಲಿ ಕುಳಿತಿದ್ದವರಿಗೆ ಯಾವುದೋ ಹಳೆಯ ಫೈಲು ಸಿಕ್ಕಿರಲಿಲ್ಲ. ಅವಳು ಹಿಟ್ಟಿನ ಕೈಯಲ್ಲೇ ಫೋನು ಹಿಡಿದು, ಮೂರನೆಯ ಕಪಾಟು, ಮೇಲಿನ ಖಾನೆ, ಹಸಿರು ಲಾಡಿ ಕಟ್ಟಿದ್ದು ಎಂದು ಮರಾಠಿಯಲ್ಲಿ ಹೇಳಿದಳು. ಎರಡು ನಿಮಿಷದಲ್ಲಿ ಫೈಲು ಸಿಕ್ಕಿತೆಂದು ಮತ್ತೆ ಫೋನು ಬಂತು. ಅವಳ ಮುಖದಲ್ಲಿ ಆಗ ಕಂಡದ್ದು ನನ್ನ ರೊಟ್ಟಿ ಉಬ್ಬಿದಾಗ ಎಂದೂ ಕಂಡಿರಲಿಲ್ಲ.

ಆ ದಿನವೇ ಷರತ್ತು ಹಾಕಿದಳು. “ಜನವರಿ ಮೊದಲನೇ ಸೋಮವಾರಕ್ಕ ರಜಾ ಮುಗೀತೈತಿ. ಅವತ್ತ ಎಡಗೈಲೆ ಕಂಬಿ ಹಿಡದು, ಯಾರೂ ಜಗ್ಗದಂಗ, ನಾನ ಗಾಡಿ ಹತ್ತಿದ್ರ ನೌಕರಿ. ಹತ್ತಾಕಾಗಲಿಲ್ಲಂದ್ರ ನೀವ ಹೇಳಿದಂಗ ಅರ್ಜಿ ಕೊಡ್ತೀನಿ. ಮತ್ತ ನೀವು ನಡುವ ಬಾಯಿ ಹಾಕಬ್ಯಾಡ್ರಿ.”

ಎಡಗೈಯೇ ಏಕೆಂದರೆ, ಬಲಗೈಯಿಂದ ಬ್ಯಾಗನ್ನು ಎದೆಗೆ ಒತ್ತಿಕೊಂಡು ಎಡಗೈಯಿಂದ ಬಾಗಿಲಿನ ನಡುಗಂಬಿ ಹಿಡಿದು ಹತ್ತುವುದು ಅವಳ ಪದ್ಧತಿ. ಡೊಂಬಿವಲಿಯಲ್ಲಿ ಪದ್ಧತಿ ಬದಲಿಸಲು ಯಾರೂ ಸಮಯ ಕೊಡುವುದಿಲ್ಲ.

ಬಾಯಿ ಹಾಕಬೇಡಿ ಎಂದಿದ್ದಳು. ನಾನು ಪೆನ್ನು ಹಾಕಿದೆ.

ನಮ್ಮ ಮಗಳು ಘಣಸೋಲಿಯಲ್ಲಿ ಗೆಳತಿಯರ ಜೊತೆ ಬಾಡಿಗೆ ಮನೆಯಲ್ಲಿದ್ದಾಳೆ. ಅಲ್ಲಿಂದ ಅವಳ ಐರೋಲಿಯ ಆಫೀಸು ಹತ್ತಿರ. ಅವಳು ಹೋಗುವ ಜಿಮ್ಮಿನ ತರಬೇತುಗಾರ್ತಿ ಬರೆದುಕೊಟ್ಟಿದ್ದ ನಾಲ್ಕು ಪುಟಗಳ ಕ್ರಮವೊಂದನ್ನು ಅವಳು ಅಕ್ಟೋಬರಿನ ಒಂದು ಭಾನುವಾರ ತಂದುಕೊಟ್ಟಳು. ಇಂಗ್ಲಿಷಿನಲ್ಲಿತ್ತು. ಚಿತ್ರಗಳಲ್ಲಿದ್ದವರೆಲ್ಲ ಗಂಡಸರು, ಒಬ್ಬೊಬ್ಬನ ತೋಳೂ ನಮ್ಮ ಕಟ್ಟಡದ ನೀರಿನ ಪೈಪಿನಷ್ಟು ದಪ್ಪ.

“ಇದು ಬೇಸಿಕಲಿ ಹುಡುಗರಿಗೆ ಮಾಡಿದ್ದು ಪಪ್ಪಾ,” ಎಂದಳು. “ಮಮ್ಮಿ ಕೇ ಲಿಯೇ ಥೋಡಾ ಅಡ್ಜಸ್ಟ್ ಕರ್ನಾ ಪಡೇಗಾ. ಮೈ ನೆಕ್ಸ್ಟ್ ಸಂಡೇ ಕರ್ ದೇತೀ ಹೂಂ.”

“ಅಮ್ಮನಿಗೆ ತಕ್ಕಂತೆ ಬದಲಿಸಲು ಮುಂದಿನ ಭಾನುವಾರದವರೆಗೆ ಏಕೆ ಕಾಯಬೇಕು? ಈ ಮನೆಯಲ್ಲಿ ಎಡಿಟರ್ ಯಾರು?” ಎಂದೆ.

ಎಡಿಟರ್ ನಾನು ಎಂದೂ ಆಗಿರಲಿಲ್ಲ. ಚೀಫ್ ಸಬ್ ಎಡಿಟರ್ ಆಗಿ ನಿವೃತ್ತನಾದವನು. ಮಗಳು ಅದನ್ನು ನೆನಪಿಸಲಿಲ್ಲ, ಒಳ್ಳೆಯ ಹುಡುಗಿ.

ಕೆಲಸಕ್ಕೆ ಕುಳಿತೆ. ನಾಲ್ಕು ಪುಟಗಳನ್ನು ಒಂದು ಪುಟಕ್ಕೆ ಇಳಿಸಬೇಕಿತ್ತು, ಫ್ರಿಜ್ಜಿನ ಬಾಗಿಲಿಗೆ ಹಚ್ಚಲು. ನಮ್ಮ ಡೆಸ್ಕಿನಲ್ಲಿ ಜಾಗ ಸಾಲದಾಗ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಿದ್ದೆವು. ಸುದ್ದಿಯನ್ನು ಬರೆಯುವುದೇ ಹಾಗೆ: ಮುಖ್ಯವಾದದ್ದು ಮೇಲೆ, ಬಾಲ ಕೆಳಗೆ. ಪುಟ ಮುಗಿಸುವ ಹೊತ್ತಿನಲ್ಲಿ ಬಾಲವನ್ನು ಓದುತ್ತ ಕೂರುವವನು ಸಬ್ ಎಡಿಟರನೇ ಅಲ್ಲ ಎಂದು ನನಗೆ ಕಲಿಸಿದ್ದರು, ನಾನೂ ಕಲಿಸಿದ್ದೆ. ನಾಲ್ಕನೆಯ ಪುಟವನ್ನು ಹಾಗೇ ತೆಗೆದು ಫೈಲಿಗೆ ಹಾಕಿದೆ. ಉಳಿದ ಮೂರರಲ್ಲಿ ಹೆಂಗಸರಿಗೆ ತಕ್ಕ ಬದಲಾವಣೆ ಮಾಡಿದೆ. ಎಲ್ಲಿ ತೂಕ ಬರೆದಿತ್ತೋ ಅಲ್ಲಿ ಅರ್ಧ ಮಾಡಿದೆ. ಎಷ್ಟು ಸಲ ಎಂದಿತ್ತೋ ಅದನ್ನೂ ಅರ್ಧ ಮಾಡಿದೆ. ಅರ್ಧದ ಅರ್ಧ ಕಾಲು ಎಂಬುದು ಆಗ ಹೊಳೆಯಲಿಲ್ಲ. ಲೆಕ್ಕ ಬರುವವರು ಪತ್ರಿಕೆಯ ಡೆಸ್ಕಿಗೆ ಬರುವುದಿಲ್ಲ. ಕಬ್ಬಿಣದ ಡಂಬೆಲ್ ಎಂದಿದ್ದಲ್ಲಿ ‘ಒಂದು ಲೀಟರಿನ ನೀರಿನ ಬಾಟಲಿ’ ಎಂದು ಬರೆದೆ. ಪ್ರತಿ ಸಾಲಿಗೂ ‘ಮೆಲ್ಲಗೆ’, ‘ಸಾಧ್ಯವಾದಷ್ಟು’, ‘ಆಯಾಸವಾಗದಂತೆ’ ಸೇರಿಸಿದೆ. ಇವು ನಮ್ಮ ಪತ್ರಿಕೆಯ ಮಹಿಳಾ ಪುಟದಲ್ಲಿ ಆರೋಗ್ಯದ ಲೇಖನಗಳಿಗೆ ನಾನು ಖಾಯಂ ಆಗಿ ಸಿಂಪಡಿಸುತ್ತಿದ್ದ ಮಾತುಗಳು. ಮೇಲೆ ಶೀರ್ಷಿಕೆ ಕೊಟ್ಟೆ: ‘ಮಹಿಳೆಯರಿಗೆ ಸರಳ ಶಕ್ತಿವರ್ಧನೆ’. ಎರಡು ಗಂಟೆಯಲ್ಲಿ ಪುಟ ಸಿದ್ಧ. ಅಚ್ಚುಕಟ್ಟಾಗಿತ್ತು. ಒಂದೂ ಕಾಗುಣಿತದ ತಪ್ಪಿರಲಿಲ್ಲ.

ಒಬ್ಬಳೇ ಮಾಡಲು ಬೇಸರವೆಂದು ಹೆಂಡತಿ ಎದುರು ಮನೆಯವರನ್ನೂ ಕರೆದಳು. ಅವರು ಉಡುಪಿ ಕಡೆಯವರು, ಹೆಚ್ಚುಕಡಿಮೆ ಅವಳದೇ ವಯಸ್ಸು, ಮೊಣಕಾಲು ನೋವು. ವಾರಕ್ಕೆ ಮೂರು ದಿನ ಬೆಳಿಗ್ಗೆ ಏಳೂವರೆಗೆ ನಮ್ಮ ಹಾಲಿನಲ್ಲಿ ಟೀಪಾಯಿ ಸರಿಸಿ ಇಬ್ಬರೂ ನಿಲ್ಲುತ್ತಿದ್ದರು. ನಾನು ಮೂಲೆಯ ಕುರ್ಚಿಯಲ್ಲಿ ರಿಜಿಸ್ಟರು ಹಿಡಿದು ಕೂರುತ್ತಿದ್ದೆ. ಯಾರೂ ನನ್ನನ್ನು ನೇಮಿಸಿರಲಿಲ್ಲ. ದಿನ, ವ್ಯಾಯಾಮ, ಎಷ್ಟು ಸಲ, ಎಷ್ಟು ಭಾರ, ಷರಾ ಎಂದು ಐದು ಕಾಲಂ ಹಾಕಿದ್ದೆ.

“ಅಕ್ಕಾ, ನಿಮ್ಮ ಯಜಮಾನ್ರು ಎಂಥ ಬರೆಯುವುದು ಮಾರಾಯ್ರೆ? ನನಗೆ ಪರೀಕ್ಷೆಯ ಹಾಗೆ ಆಗ್ತದೆ,” ಎಂದರು ಎದುರು ಮನೆಯವರು ಮೊದಲ ದಿನ.

“ಬರೀಲಿ ಬಿಡ್ರಿ. ಬರೀಲಿಲ್ಲಂದ್ರ ಅವರಿಗೆ ಅನ್ನ ಕರಗಂಗಿಲ್ಲ,” ಎಂದಳು ಹೆಂಡತಿ.

ಎರಡನೆಯ ವಾರ ಎದುರು ಮನೆಯವರು ನಡುವೆ ಬಾಟಲಿಯ ಮುಚ್ಚಳ ತೆಗೆದು ಅರ್ಧ ನೀರು ಕುಡಿದರು. “ಬಾಯಾರಿತು ಮಾರಾಯ್ರೆ. ಎತ್ತಲಿಕ್ಕೂ ಹಗುರ ಆಯ್ತಲ್ಲ, ಒಳ್ಳೇದೇ.” ನಾನು ‘ಷರಾ’ ಕಾಲಂನಲ್ಲಿ ಅದನ್ನು ನಮೂದಿಸಿದೆ. ಭಾರದ ಕಾಲಂನಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಒಂದು ಲೀಟರು, ಒಂದು ಲೀಟರು, ಒಂದು ಲೀಟರು. ಆ ಕಾಲಂ ನೋಡಿದಾಗಲೆಲ್ಲ ನನಗೆ ತೃಪ್ತಿಯಾಗುತ್ತಿತ್ತು. ಎಂಥ ಸ್ಥಿರತೆ ಎಂದುಕೊಳ್ಳುತ್ತಿದ್ದೆ.

ಮನೆಗೆಲಸಕ್ಕೆ ಬರುವ ಹೆಂಗಸು ಕಲಬುರಗಿ ಕಡೆಯವಳು. ಮೊದಲು ಘಣಸೋಲಿಯಲ್ಲಿ ಕಟ್ಟಡದ ಕೆಲಸಕ್ಕಿದ್ದವಳು. ಅವಳು ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತು ಕೆಲವು ದಿನ ಸುಮ್ಮನೆ ನೋಡಿದಳು. ಮೂರನೆಯ ವಾರ ತಡೆಯಲಾಗಲಿಲ್ಲ.

“ಅಕ್ಕೋರೆ, ಏನ್ ಮಾಡ್ಲಾಕತ್ತೀರಿ?”

“ಶಕ್ತಿ ಬರಾಕ ಅಂತವ್ವಾ.”

“ಈ ಬಾಟ್ಲಿ ಎತ್ತಿದ್ರ?” ಸೆರಗು ಬಾಯಿಗೆ ಹಿಡಿದು ನಕ್ಕಳು. “ಹಾಲ ಕುಡಿಯೋ ಕೂಸಿಗಿ ಕೊಟ್ಟಂಗ ಕೊಟ್ಟಾರಲ್ರೀ ಅಣ್ಣೋರು! ನಾ ಹದಿನಾರು ಮಾಳಿಗಿ ಬಿಲ್ಡಿಂಗಿಗಿ ಉಸುಕು ಹೊತ್ತೀನಿ. ಬಾಟ್ಲ್ಯಾಗ ತುಂಬಿ ಯಾರೂ ಕೊಡಲಿಲ್ಲ.”

ಇದು ವೈಜ್ಞಾನಿಕವಾಗಿ, ಹೆಂಗಸರಿಗೆಂದೇ ತಯಾರಿಸಿದ್ದು ಎಂದು ನಾನು ಕುರ್ಚಿಯಿಂದ ಹೇಳಿದೆ. ಅವಳು ನನ್ನನ್ನೊಮ್ಮೆ, ರಿಜಿಸ್ಟರನ್ನೊಮ್ಮೆ ನೋಡಿದಳು. ಅಂದು ಶುಕ್ರವಾರ, ನಮ್ಮ ಕಡೆ ನಲ್ಲಿ ಬಂದ್ ಇರುವ ದಿನ. ಬಚ್ಚಲಲ್ಲಿ ತುಂಬಿಟ್ಟಿದ್ದ ಇಪ್ಪತ್ತು ಲೀಟರಿನ ಕ್ಯಾನನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡು, ಮಾತಾಡುತ್ತಲೇ ಅಡುಗೆಮನೆಗೆ ಒಯ್ದಳು. ಅವಳೂ ಹೆಂಗಸು ಎಂಬ ಸಂಗತಿ ನನ್ನ ಎದುರಿನಿಂದಲೇ ನಡೆದುಹೋಯಿತು. ಸುದ್ದಿಯನ್ನು ಮೂಸಿ ಹಿಡಿಯುವವನೆಂದು ಒಂದು ಕಾಲದಲ್ಲಿ ನನಗೆ ಹೆಸರಿತ್ತು.

ಆರು ವಾರ ಮುಗಿದ ಮೇಲೆ, ನವೆಂಬರಿನ ನಡುವೆ, ಹೆಂಡತಿ ಒಂದು ಮಧ್ಯಾಹ್ನ ಸೀರೆ ಉಟ್ಟು, ಬ್ಯಾಗಿಗೆ ಆಫೀಸಿನ ದಿನದಷ್ಟೇ ಸಾಮಾನು ತುಂಬಿ, ನೋಡಿ ಬರುತ್ತೇನೆ ಎಂದು ಸ್ಟೇಷನ್ನಿಗೆ ಹೋದಳು. ಜನ ಕಡಿಮೆ ಇರುವ ಹೊತ್ತು. ನನ್ನನ್ನು ಬರಬೇಡಿ ಎಂದಿದ್ದಳು. ಒಂದೂವರೆ ಗಂಟೆಯ ನಂತರ ಬಂದು ಬ್ಯಾಗು ಇಟ್ಟು ನೀರು ಕುಡಿದಳು.

“ಆಗಲಿಲ್ಲ,” ಎಂದಳು.

ಕಂಬಿ ಹಿಡಿದಳಂತೆ, ಕಾಲೂ ಇಟ್ಟಳಂತೆ. ಮೈಭಾರ ಕೈಗೆ ಬಂದ ಕೂಡಲೇ ಮಣಿಕಟ್ಟು ಸಡಿಲವಾಯಿತು. ಒಳಗಿದ್ದ ಇಬ್ಬರು ಹೆಂಗಸರು ರಟ್ಟೆ ಹಿಡಿದು ಜಗ್ಗಿಕೊಂಡರು. ಅವರು ‘ಆಜಿ, ಸಾಂಭಾಳಾ’ ಎಂದರಂತೆ. ಅಜ್ಜಿ, ಜೋಪಾನ ಎಂದು. ಮುಂದಿನ ಸ್ಟೇಷನ್ ಠಾಕುರ್ಲಿಯಲ್ಲಿ ಇಳಿದು ರಿಕ್ಷಾದಲ್ಲಿ ವಾಪಸು ಬಂದಿದ್ದಳು.

ಸ್ವಲ್ಪ ಹೊತ್ತು ಗ್ಯಾಲರಿಯಲ್ಲಿ ಕುಳಿತಿದ್ದು, ಒಳಗೆ ಬಂದು ಒಂದು ಬಿಳಿ ಹಾಳೆಯನ್ನು ನನ್ನ ಮುಂದಿಟ್ಟಳು. “ಸ್ವಯಂನಿವೃತ್ತಿ ಅರ್ಜಿ ಬರದ ಕೊಡ್ರಿ. ನೀವು ಚಂದ ಬರೀತೀರಿ.”

ಬರೆದೆ. ಇಪ್ಪತ್ತು ನಿಮಿಷ ಹಿಡಿಯಿತು. ಆರೋಗ್ಯದ ಕಾರಣ, ಪ್ರವಾಸದ ಕಷ್ಟ, ಇಷ್ಟು ವರ್ಷಗಳ ಸೇವೆ, ಮೇಲಧಿಕಾರಿಗಳಿಗೆ ಕೃತಜ್ಞತೆ. ಎಲ್ಲವೂ ಸಲೀಸಾಗಿ, ತನ್ನ ತನ್ನ ಜಾಗದಲ್ಲಿ ಬಂದು ಕುಳಿತವು. ಬರೆದು ಮುಗಿಸಿ ಓದಿದಾಗ ಒಂದು ವಿಷಯ ಗಮನಕ್ಕೆ ಬಂತು: ಒಂದು ಸಾಲನ್ನೂ ನಾನು ಕತ್ತರಿಸಿರಲಿಲ್ಲ. ವಾಸ್ತವವಾಗಿ ಎರಡು ಸಾಲು ಹೆಚ್ಚೇ ಬರೆದಿದ್ದೆ. ಆ ಮಧ್ಯಾಹ್ನ ಮೊದಲ ಸಲ ನನಗೆ ನನ್ನ ಮೇಲೆ ಸಂಶಯ ಬಂತು.

ಅವಳು ಓದಿ, ಮಡಚಿ, ಡ್ರಾವರಿನಲ್ಲಿಟ್ಟಳು. “ಸಹಿ ಈಗ ಮಾಡಂಗಿಲ್ಲ. ಇನ್ನೂ ಏಳು ವಾರ ಐತಿ.”

ಆ ಭಾನುವಾರ ಮಗಳು ಬಂದಳು. ತಾಯಿ ಹೇಳಿದ್ದನ್ನೆಲ್ಲ ಕೇಳಿ, ಎಲ್ಲಿ ತಪ್ಪಿತು ನೋಡೋಣ ಎಂದು ನನ್ನ ರಿಜಿಸ್ಟರು ತೆಗೆದುಕೊಂಡಳು. ನಾನು ಹೆಮ್ಮೆಯಿಂದಲೇ ಕೊಟ್ಟೆ. ಭಾರದ ಕಾಲಂನ ಮೇಲೆ ಬೆರಳಿಟ್ಟು ಕೆಳಗಿನವರೆಗೂ ಇಳಿದಳು. ಪುಟ ತಿರುಗಿಸಿ ಮತ್ತೆ ಇಳಿದಳು.

“ಪಪ್ಪಾ, ಛೇ ಹಫ್ತೇ ಸೇಮ್ ವೇಟ್? ಒಂದು ಲೀಟರೇ?”

“ಆರೂ ವಾರ ಅದೇ ಭಾರ, ಕ್ರಮಬದ್ಧವಾಗಿ,” ಎಂದೆ.

ಫ್ರಿಜ್ಜಿನ ಬಾಗಿಲಿಗೆ ಹೋಗಿ ನನ್ನ ಪುಟವನ್ನು ಓದಿದಳು. ಕನ್ನಡ ಅವಳಿಗೆ ನಿಧಾನ. ‘ಶಕ್ತಿವರ್ಧನೆ’ಯಲ್ಲಿ ಒಮ್ಮೆ ನಿಂತಳು. ಓದಿ ಮುಗಿಸಿ, “ಚೌಥಾ ಪೇಜ್ ಕಹಾಂ ಹೈ?” ಎಂದಳು.

ಕತ್ತರಿಸಿದ್ದನ್ನು ಎಸೆಯಬಾರದು ಎಂಬುದೂ ನಮ್ಮ ಡೆಸ್ಕಿನ ನಿಯಮ. ನಾಲ್ಕನೆಯ ಪುಟವನ್ನು ಫೈಲಿನಿಂದ ತೆಗೆದುಕೊಟ್ಟೆ. ಅವಳು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದಳು. ಅದರ ಸಾರಾಂಶ ಹೀಗಿತ್ತು. ಹಿಂದಿನ ಮೂರು ಪುಟಗಳು ಕೆಲಸ ಮಾಡಬೇಕಾದರೆ ಪ್ರತಿ ವಾರ ಭಾರ ಸ್ವಲ್ಪ ಸ್ವಲ್ಪ ಏರಬೇಕು. ಹತ್ತು ಸಲ ಎತ್ತುವುದಾದರೆ ಕೊನೆಯ ಎರಡು ಸಲ ಕಷ್ಟವಾಗಬೇಕು. ಆಗದಿದ್ದರೆ ಅದು ಬರೀ ಕೈ ಬೀಸುವುದು. ಅದರ ಕೆಳಗೆ, ಗೆರೆ ಎಳೆದು, ‘ಹೆಂಗಸರಿಗೆ’ ಎಂಬ ಉಪಶೀರ್ಷಿಕೆ. ವ್ಯಾಯಾಮ ಇವೇ. ಆರಂಭದ ಭಾರವನ್ನು ಮಾತ್ರ ಅವರವರ ಮೈ ನೋಡಿ ಇಡಬೇಕು. ನಲವತ್ತು ದಾಟಿದವರು, ಎಲುಬು ತೆಳುವಾದವರು ನಿಧಾನವಾಗಿ ಏರಿಸಬೇಕು, ನಡುವೆ ಒಂದು ದಿನ ಬಿಡುವು ಕೊಡಬೇಕು, ಡಾಕ್ಟರರನ್ನು ಕೇಳಬೇಕು. ಏರಿಸುವುದನ್ನು ಮಾತ್ರ ಬಿಡಬಾರದು.

ಹೆಂಗಸರಿಗೆ ತಕ್ಕಂತೆ ಏನು ಮಾಡಬೇಕೆಂದು ನಾನು ಎರಡು ಗಂಟೆ ತಲೆ ಕೆಡಿಸಿಕೊಂಡಿದ್ದೆ. ಅದು ನಾನು ಓದದೆ ತೆಗೆದಿಟ್ಟ ಪುಟದಲ್ಲಿ, ಗೆರೆ ಎಳೆದು, ಉಪಶೀರ್ಷಿಕೆ ಸಮೇತ, ಸಿದ್ಧವಾಗಿ ಕುಳಿತಿತ್ತು.

“ಯಹೀ ತೋ ಮೇನ್ ಥಾ ಪಪ್ಪಾ!” ಎಂದಳು ಮಗಳು. ಮುಖ್ಯವಾದದ್ದೇ ಇದು ಎಂದು.

ಸುದ್ದಿಯಲ್ಲಿ ಮುಖ್ಯವಾದದ್ದು ಮೇಲಿರುತ್ತದೆ, ಕೊನೆಯದನ್ನು ಕತ್ತರಿಸುವುದು ರೂಢಿ ಎಂದು ನಾನು ವಿವರಿಸತೊಡಗಿದೆ. ಹೆಂಡತಿ ಕೇಳಿಸಿಕೊಂಡಳು. ಇದು ಸುದ್ದಿಯಲ್ಲ ಎಂದು ಅವಳು ಹೇಳಲಿಲ್ಲ. “ಮೂವತ್ತೊಂದು ವರ್ಷ ನಿಮ್ಮ ಪೇಪರ್ ಓದಿದ ಮಂದಿ,” ಎಂದಳು, “ಏನೇನ ತಿಳೀಲಾರದ ಸತ್ತಾರೋ ಏನೋ.”

ಮಗಳು ಚಹಾ ಮಾಡಲು ಒಳಗೆ ಹೋದಳು. ಆಗ ಹೆಂಡತಿ ಸಣ್ಣ ದನಿಯಲ್ಲಿ ಕೇಳಿದಳು: “ಓದಿ ಕತ್ತರಿಸಿದ್ರ್ಯಾ, ಓದಲಾರದ ಕತ್ತರಿಸಿದ್ರ್ಯಾ?”

“ಓದದೆ,” ಎಂದೆ. ಅದು ನಿಜ. ಮಂತ್ರಿಯ ಹೇಳಿಕೆಯಾಗಿದ್ದರೆ ನಾನು ಅಲ್ಲಿಗೆ ಬಿಡುತ್ತಿರಲಿಲ್ಲ, ಏಕೆ ಓದಲಿಲ್ಲ ಎಂದು ಎರಡನೆಯ ಪ್ರಶ್ನೆ ಕೇಳುತ್ತಿದ್ದೆ. ಅವಳು ಕೇಳಲಿಲ್ಲ. ಡ್ರಾವರು ತೆರೆದು ನಾನು ಬರೆದ ಅರ್ಜಿಯನ್ನು ತೆಗೆದಳು, ಮಗುಚಿ ಹಾಕಿದಳು, ನನ್ನ ಜೇಬಿನಿಂದ ಕೆಂಪು ಪೆನ್ನು ತೆಗೆದುಕೊಂಡು ಅದರ ಖಾಲಿ ಬೆನ್ನ ಮೇಲೆ ಏಳು ವಾರಗಳ ಕೋಷ್ಟಕ ಹಾಕಿದಳು. ನನ್ನ ಪುಟ ಫ್ರಿಜ್ಜಿನಿಂದ ಇಳಿಯಿತು, ಇದು ಏರಿತು.

ಸೋಮವಾರ ಮೊದಲ ಕೆಲಸ ಡಾಕ್ಟರರಿಗೆ ಫೋನು. ಮೂರು ಕಿಲೋದಿಂದ ಶುರುಮಾಡಿ, ನೋವಾದರೆ ನಿಲ್ಲಿಸಿ, ನೋವಿಲ್ಲದಿದ್ದರೆ ಏರಿಸಿ ಎಂದರು. ಎರಡನೆಯದು ಭಾರದ ವ್ಯವಸ್ಥೆ. ಡಂಬೆಲ್ ತರಿಸೋಣ ಎಂದೆ. ಹೆಂಡತಿ ಬೇಡವೆಂದಳು, ಕಬ್ಬಿಣವನ್ನು ಸ್ವಲ್ಪ ಸ್ವಲ್ಪ ಏರಿಸುವುದು ಹೇಗೆ? ನಮ್ಮ ಮನೆಯಲ್ಲಿ ವಿಜಯಪುರದ ಜೋಳ ಯಾವಾಗಲೂ ಡಬ್ಬಿ ತುಂಬ ಇರುತ್ತದೆ. ಹಳೆಯ ಜೀನ್ಸಿನ ಕಾಲು ಕತ್ತರಿಸಿ ಹೊಲಿದು ಎರಡು ಹಿಡಿಕೆಯ ಕೈಚೀಲ ಮಾಡಿ ಒಂದೊಂದಕ್ಕೆ ಮೂರು ಕಿಲೋ ಜೋಳ ತುಂಬಿದಳು. ಇನ್ನೊಂದು ದೊಡ್ಡ ಚೀಲಕ್ಕೆ ಎಂಟು ಕಿಲೋ. ಪ್ರತಿ ಸೋಮವಾರ ಕೈಚೀಲಕ್ಕೆ ಎರಡು ವಾಟಿ, ಅಂದರೆ ಎರಡು ಬಟ್ಟಲು, ದೊಡ್ಡದಕ್ಕೆ ನಾಲ್ಕು ವಾಟಿ ಸೇರಿಸುವುದು. ಎದುರು ಮನೆಯವರು ಕುಚ್ಚಲಕ್ಕಿಯ ಚೀಲ ತಂದರು.

“ಅಕ್ಕಿ ಜೋಳಕ್ಕಿಂತ ಭಾರ ಮಾರಾಯ್ರೆ. ನಂದು ಹೆಚ್ಚು,” ಎಂದರು.

“ಕಿಲೋ ಅಂದ್ರ ಕಿಲೋನ. ಜೋಳ ತಿಂದವರಿಗೆ ಮಾತ್ರ ಅದು ಹಗರ ಅನಸ್ತೈತಿ,” ಎಂದಳು ಹೆಂಡತಿ.

ಭಾರ ಎತ್ತುವ ರೀತಿಯನ್ನು ಕಲಿಸಿದವಳು ಮನೆಗೆಲಸದವಳು. ಎರಡನೆಯ ಪುಟದಲ್ಲಿ ಅರ್ಧ ಪುಟ ಬರೆದಿದ್ದುದನ್ನು ಅವಳು ಎರಡು ಮಾತಿನಲ್ಲಿ ಹೇಳಿದಳು: “ಬೆನ್ನಿಲೆ ಎತ್ತಬ್ಯಾಡ್ರಿ, ತೊಡಿಲೆ ಎತ್ರಿ. ಚೀಲ ದೂರ ಹಿಡೀಬ್ಯಾಡ್ರಿ, ಎದಿಗಿ ತಗೋರಿ, ನಿಮ್ಮ ಕೂಸೇ ಅದ ಅಂತ.” ಅಷ್ಟು ಬಿಗಿಯಾದ ಎಡಿಟಿಂಗ್ ನನ್ನ ಕೈಯಲ್ಲಿ ಎಂದೂ ಆಗಿಲ್ಲ.

ಕೈಚೀಲಗಳನ್ನು ಎರಡೂ ಕೈಗಳಲ್ಲಿ ಹಿಡಿದು ಹಾಲಿನಿಂದ ಗ್ಯಾಲರಿಗೆ, ಗ್ಯಾಲರಿಯಿಂದ ಅಡುಗೆಮನೆಗೆ ನಡೆಯುವುದು ಹಿಡಿತಕ್ಕೆ. ದೊಡ್ಡ ಚೀಲವನ್ನು ಎದೆಗೊತ್ತಿಕೊಂಡು ಕುರ್ಚಿಯಿಂದ ಏಳುವುದು, ನೆಲದಿಂದ ಎತ್ತುವುದು ಕಾಲಿಗೆ, ಬೆನ್ನಿಗೆ. ಕೊನೆಯ ಎರಡು ಸಲ ಹೆಂಡತಿಯ ಮುಖ ಕೆಂಪಾಗುತ್ತಿತ್ತು. ಸಾಕು ಎನ್ನಲು ನನ್ನ ಬಾಯಿ ತೆರೆಯುತ್ತಿತ್ತು. ಅವಳು ಕಣ್ಣಿನಲ್ಲೇ ಮುಚ್ಚಿಸುತ್ತಿದ್ದಳು.

ಮೂರನೆಯ ವಾರ ಚೀಲ ಸುಮಾರು ಹತ್ತು ಕಿಲೋ ಆಗಿತ್ತು. ಬೆನ್ನು ನೇರವಾಗಿಲ್ಲ ಎಂದು ನಾನು ಕುರ್ಚಿಯಿಂದ ಟೀಕಿಸಿದೆ. ಹಾಗಾದರೆ ತೋರಿಸಿ ಎಂದರು ಇಬ್ಬರೂ. ಎದ್ದೆ. ಎರಡನೆಯ ಪುಟದ ಚಿತ್ರವನ್ನು ಮನಸ್ಸಿನಲ್ಲಿ ತಂದುಕೊಂಡು ಬಾಗಿ ಚೀಲ ಹಿಡಿದು ಎತ್ತಿದೆ. ಎತ್ತಿದ್ದು ನಿಜ. ಸೊಂಟದಲ್ಲಿ ಏನೋ ಟಕ್ಕೆಂದಿತು. ಮೂರು ದಿನ ಬಿಸಿನೀರಿನ ಚೀಲದ ಮೇಲೆ ಅಂಗಾತ ಮಲಗಿದ್ದೆ. ಎದ್ದು ರಿಜಿಸ್ಟರು ನೋಡಿದಾಗ ಹೆಂಡತಿಯ ಅಕ್ಷರದಲ್ಲಿ ಒಂದು ನಮೂದು ಇತ್ತು: ‘ಬುಧವಾರ. ಎಡಿಟರ್ ಸಾಹೇಬರು ಹತ್ತು ಕಿಲೋ ಎತ್ತಿದರು. ಇಳಿಸಿದ್ದು ನಾವು.’ ವಾಸ್ತವಕ್ಕೆ ಸರಿಯಾಗಿತ್ತು, ಚುಟುಕಾಗಿತ್ತು. ತಿದ್ದಲು ಏನೂ ಇರಲಿಲ್ಲ. ಅಂದಿನಿಂದ ರಿಜಿಸ್ಟರು ಅವಳ ಬಳಿಯೇ ಉಳಿಯಿತು.

ಜನವರಿ ಮೊದಲ ಸೋಮವಾರ ಬೆಳಿಗ್ಗೆ ಇಬ್ಬರೂ ಸ್ಟೇಷನ್ನಿಗೆ ಹೋದೆವು. ಅವಳ ಹೆಗಲಿಗೆ ಬ್ಯಾಗು. ಊಟದ ಡಬ್ಬಿ ಮತ್ತು ನೀರಿನ ಬಾಟಲಿ ಇದ್ದ ಸಣ್ಣ ಚೀಲವನ್ನು ನಾನು ಹಿಡಿದಿದ್ದೆ. ಮೆಟ್ಟಿಲ ಮೇಲೆ ಅವಳಿಗೆ ಭಾರವಾಗದಿರಲಿ ಎಂದು ನಾನೇ ಕೇಳಿ ಇಸಿದುಕೊಂಡಿದ್ದೆ. ಅವಳ ಪರ್ಸಿನಲ್ಲಿ ಸಹಿ ಮಾಡದ ಅರ್ಜಿ ಇತ್ತು, ಬೆನ್ನ ತುಂಬ ಕೆಂಪು ಅಂಕಿಗಳೊಂದಿಗೆ. ಹತ್ತಲಾಗದಿದ್ದರೆ ಅಲ್ಲೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸಹಿ ಹಾಕುತ್ತೇನೆ ಎಂದಿದ್ದಳು.

ಹೆಂಗಸರ ಡಬ್ಬಿ ನಿಲ್ಲುವ ಜಾಗದಲ್ಲಿ ಅವಳು ನಿಂತಳು. ನಾನು ನಾಲ್ಕು ಹೆಜ್ಜೆ ಆಚೆ. ಮೊದಲ ಗಾಡಿ ಬಂತು. ಬಾಗಿಲಲ್ಲಿ ಹೆಂಗಸರು ಹೊರಗೆ ಚೆಲ್ಲುವಂತೆ ತುಂಬಿದ್ದರು. ಅವಳು ಒಂದು ಹೆಜ್ಜೆ ಮುಂದೆ ಇಟ್ಟು, ಹಿಂದೆ ಸರಿದಳು. ಗಾಡಿ ಹೋಯಿತು. ಆ ಕ್ಷಣ ನನ್ನೊಳಗೆ ಏನಾಯಿತು ಎಂಬುದನ್ನು ಬರೆಯದಿದ್ದರೆ ಈ ವರದಿ ಅಪೂರ್ಣ. ಅವಳಿಗಾಗಿ ಎದೆ ಹಿಂಡಿತು. ಅದೇ ಹೊತ್ತಿಗೆ, ಅದಕ್ಕಿಂತ ಸಣ್ಣದಾಗಿ, ಮಧ್ಯಾಹ್ನ ಒಂದು ಗಂಟೆಯ ಹಂಚು ಕಣ್ಣ ಮುಂದೆ ಬಂತು. ಅವಳು ತಿರುಗಿ ನನ್ನನ್ನು ನೋಡಿದಳು. ಆ ಹಂಚು ಅವಳಿಗೆ ಕಂಡಿತೇ, ಗೊತ್ತಿಲ್ಲ. ಬ್ಯಾಗನ್ನು ಹೆಗಲಿಂದ ಇಳಿಸಿ ಎದೆಗೊತ್ತಿಕೊಂಡಳು, ದೊಡ್ಡ ಚೀಲವನ್ನು ಒತ್ತಿಕೊಳ್ಳುವ ಹಾಗೆಯೇ.

ಎರಡನೆಯದು ಡೊಂಬಿವಲಿಯಿಂದಲೇ ಹೊರಡುವ ಗಾಡಿ. ಖಾಲಿ ಬರುತ್ತದೆ, ಆದ್ದರಿಂದ ನಿಲ್ಲುವ ಮೊದಲೇ ನುಗ್ಗುತ್ತಾರೆ. ಹೆಂಗಸರ ಸಾಲು ಒಮ್ಮೆಲೇ ಮುಂದಕ್ಕೆ ಹೋಯಿತು. ಅವಳ ಎಡಗೈ ಮೇಲೆದ್ದು ಕಂಬಿಯನ್ನು ಹಿಡಿದದ್ದು ಕಂಡೆ. ಯಾರದೋ ಮೊಣಕೈ ಅವಳ ಬೆನ್ನಿಗೆ ತಾಗಿತು. ಕೈ ಬಿಡಲಿಲ್ಲ. ಮಣಿಕಟ್ಟಿನ ಮೇಲೆ ನರ ಎದ್ದಿತು, ಕಾಲು ಮೇಲೇರಿತು, ಸೀರೆಯ ನೆರಿಗೆ ಒಳಗೆ ಹೋಯಿತು. ಅಷ್ಟೇ. ಯಾರೂ ಜಗ್ಗಲಿಲ್ಲ. ಒಳಗಿನಿಂದ ಅವಳದೇ ದನಿ ಬಂತು, ಮರಾಠಿಯಲ್ಲಿ, ಯಾರಿಗೋ ಒಳಗೆ ಸರಿಯಿರಿ ಎಂದು ಗದರುತ್ತ.

ಗಾಡಿ ಹೊರಟ ಮೇಲೆ ನೋಡಿದರೆ ಅವಳ ಊಟದ ಚೀಲ ನನ್ನ ಕೈಯಲ್ಲೇ ಇತ್ತು.

ಮನೆಗೆ ಹೋಗಬಹುದಿತ್ತು. ಮೂರು ವರ್ಷ ಉಳಿದ ನೌಕರಿಯ ಮೊದಲ ದಿನವೇ ಅವಳನ್ನು ಉಪವಾಸ ಇಟ್ಟವನಾಗಬಾರದು ಎಂದು ಮುಂದಿನ ಗಾಡಿಗೆ ನಿಂತೆ. ಗಂಡಸರ ಡಬ್ಬಿ. ಅದು ಕಲ್ಯಾಣದಿಂದ ತುಂಬಿ ಬಂದಿತ್ತು. ಚೀಲ ಒಂದು ಕೈಯಲ್ಲಿ, ಕಂಬಿ ಇನ್ನೊಂದು ಕೈಯಲ್ಲಿ. ಕಾಲಿಟ್ಟೆ, ಮೈ ಏರಲಿಲ್ಲ. ಒಳಗಿನಿಂದ ಇಬ್ಬರು ರಟ್ಟೆ ಹಿಡಿದು ಜಗ್ಗಿದರು. “ಆಜೋಬಾ, ಸಾಂಭಾಳಾ,” ಎಂದ ಒಬ್ಬ. ಠಾಣೆಯ ಸೇತುವೆಯ ಮೇಲೆ ಎರಡು ಸಲ ನಿಂತು ಉಸಿರು ತೆಗೆದುಕೊಂಡೆ. ಎದುರು ಪ್ಲಾಟ್‌ಫಾರ್ಮಿನಲ್ಲಿ ಪನವೇಲ್ ಗಾಡಿ ಹೊರಟುಹೋಯಿತು. ಇನ್ನೊಂದರಲ್ಲಿ ಬೇಲಾಪುರ ತಲುಪಿ, ದಾರಿ ಕೇಳಿಕೊಂಡು ನಡೆದು, ಅವಳ ಕಚೇರಿಯ ಗೇಟಿನಲ್ಲಿ ನಿಂತು ಫೋನು ಮಾಡಿದಾಗ ಯಾರೂ ಎತ್ತಲಿಲ್ಲ. ರೆಕಾರ್ಡ್ ರೂಮಿನಲ್ಲಿ ಸಿಗ್ನಲ್ ಬರುವುದಿಲ್ಲವೆಂದು ಕಾವಲಿನವನು ಹೇಳಿ, ಊಟದ ಬಿಡುವಿನಲ್ಲಿ ಒಳಗೆ ತಿಳಿಸಿದ. ಅವಳು ಹೊರಗೆ ಬಂದಾಗ ಎರಡು ಗಂಟೆಗೆ ಹತ್ತು ನಿಮಿಷವಿತ್ತು. ಕೂದಲಲ್ಲಿ ಫೈಲಿನ ಧೂಳು.

“ಇದ ಕೊಡಾಕ ಇಲ್ಲೀತನಕ ಬಂದ್ರ್ಯಾ? ನಾ ಗೆಳತ್ಯಾರ ಡಬ್ಬ್ಯಾಗ ಉಂಡೆ. ಎಲ್ಲಾರೂ ಒಂದೊಂದ ತುತ್ತು ಕೊಟ್ರು, ಹೊಟ್ಟಿ ಬಿರಿಯಂಗಾತು.”

“ಗಾಡಿಯಲ್ಲಿ ಜಾಗ ಸಿಕ್ಕಿತೇ?”

“ಪನವೇಲ್ ಗಾಡ್ಯಾಗ ಸಿಗಲಿಲ್ಲ. ಮ್ಯಾಲಿನ ಹಿಡಿಕಿ ಹಿಡದು ನಿಂತ ಬಂದೆ.” ಎಡಗೈಯನ್ನು ಎತ್ತಿ, ಇನ್ನೂ ಹಿಡಿಕೆ ಅಲ್ಲೇ ಇದೆಯೋ ಎಂಬಂತೆ ಮುಷ್ಟಿ ಕಟ್ಟಿ ತೋರಿಸಿದಳು. “ನೀವ ಹೆಂಗ ಹತ್ತಿದ್ರಿ?”

ವಾಸ್ತವವನ್ನು ವರದಿ ಮಾಡಿದೆ: “ಇಬ್ಬರು ಜಗ್ಗಿ ಒಳಗೆ ಹಾಕಿಕೊಂಡರು.”

ಅವಳು ನಗಲಿಲ್ಲ. ಫೈಲು ಎಲ್ಲಿಡಬೇಕೆಂದು ಯೋಚಿಸುವವಳ ಹಾಗೆ ಒಂದು ಕ್ಷಣ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ನಾಳಿಯಿಂದ ಸಣ್ಣ ಚೀಲ ತಗೋರಿ. ಎರಡು ಕಿಲೋ ಹಾಕ್ರಿ, ಹೆಚ್ಚ ಬ್ಯಾಡ. ಮತ್ತ ಏನೂ ಕತ್ತರಿಸಬ್ಯಾಡ್ರಿ.” ಪರ್ಸಿನಿಂದ ಆ ಹಾಳೆಯನ್ನು ತೆಗೆದು ನನ್ನ ಕೈಯಲ್ಲಿಟ್ಟು ಒಳಗೆ ಹೋದಳು. ಲಂಚ್ ಮುಗಿದಿತ್ತು.

ರಸ್ತೆಯ ಆಚೆ ಮರದ ಕೆಳಗೆ ಒಂದು ಬೆಂಚಿತ್ತು. ಕುಳಿತು ಡಬ್ಬಿ ಬಿಚ್ಚಿದೆ. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಬೆಳಿಗ್ಗೆ ಆರು ಗಂಟೆಗೆ ಬಡಿದ ರೊಟ್ಟಿ ಸಂಪೂರ್ಣ ತಣ್ಣಗಾಗಿತ್ತು. ಎರಡನ್ನೂ ತಿಂದೆ. ಚೀಲದ ತಳದಲ್ಲಿ ನೀರಿನ ಬಾಟಲಿ ಇತ್ತು, ಒಂದು ಲೀಟರಿನದು, ಅಕ್ಟೋಬರಿನಲ್ಲಿ ನಾನೇ ಆರಿಸಿ ಕೊಟ್ಟದ್ದು. ಒಂದೇ ಕೈಯಲ್ಲಿ ಎತ್ತಿ ಕುಡಿದೆ. ಯಾವ ತೊಂದರೆಯೂ ಆಗಲಿಲ್ಲ.